ವಿಜಯನಗರ ಅಕ್ಷರಗಳಲ್ಲವೇ? ಪೈಥಾನ್ ಭಾಷೆಯಲ್ಲಿ ಟೈಪ್ ಮತ್ತು ಮೆಥಡ್‌ಗಳ ಪರೀಕ್ಷೆ

(ಆರ್‌ಪಿಸಿ ಲೇಔಟಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ. ಅಂದು ಪರದೆಯ ಮೇಲೆ ತೋರಿಸಿದ ಕೋಡ್‌ನ ಸಾಲುಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ.)



ಪೈಥಾನ್‌ನಲ್ಲಿ ಪ್ರತಿಯೊಂದು ಸ್ಟ್ರಿಂಗ್‌ಗೂ ‘ಇಸ್‌ಆಲ್ಫಾ’ ಎಂಬ ಮೆಥಡ್ ಇರುತ್ತದೆ. ‘ನಿನ್ನೊಳಗೆ ಇರುವುದೆಲ್ಲ ಅಕ್ಷರಗಳೇ?’ ಎಂಬ ಪ್ರಶ್ನೆಗೆ ಅದು ಹೌದು ಅಥವಾ ಅಲ್ಲ ಎಂದು ಉತ್ತರ ಕೊಡುತ್ತದೆ. ಜಯನಗರ ಎಂದು ಕನ್ನಡದಲ್ಲಿ ಬರೆದು ಕೇಳಿ, ಹೌದು ಎನ್ನುತ್ತದೆ. ವಿಜಯನಗರ ಎಂದು ಬರೆದು ಕೇಳಿ, ಅಲ್ಲ ಎನ್ನುತ್ತದೆ. ಬಸವ ಎಂದರೆ ಹೌದು, ಅಲ್ಲಮ ಎಂದರೆ ಅಲ್ಲ. ಕಮಲ ಹೌದು, ವಿಮಲ ಅಲ್ಲ. ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ, ಅತ್ತಿಗುಪ್ಪೆ, ಹಂಪಿನಗರ – ಬೆಂಗಳೂರಿನ ಈ ಪಶ್ಚಿಮ ಭಾಗದ ಹೆಸರುಗಳು ಒಂದಾದ ಮೇಲೊಂದು ಆ ಪರೀಕ್ಷೆಯಲ್ಲಿ ಬೀಳುತ್ತವೆ.

ಮೆಥಡ್ ಕೆಟ್ಟಿಲ್ಲ. ಪೈಥಾನ್‌ನ ಅಧಿಕೃತ ಕೈಪಿಡಿ ಹೇಳುವ ಪ್ರಕಾರವೇ ಅದು ನಡೆದುಕೊಳ್ಳುತ್ತಿದೆ. ಕೊಟ್ಟ ಆಬ್ಜೆಕ್ಟ್‌ನ ಟೈಪೂ ಸರಿಯಾಗಿದೆ, ಜಯನಗರವೂ ವಿಜಯನಗರವೂ ಸ್ಟ್ರಿಂಗ್‌ಗಳೇ. ಟೈಪ್ ಸರಿ, ಮೆಥಡ್ ಸರಿ, ಆದರೂ ಉತ್ತರ ನಮ್ಮ ಕಿವಿಗೆ ಸುಳ್ಳಾಗಿ ಕೇಳುತ್ತದೆ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಈ ನಡುವಿನ ಅಂತರದ ಬಗ್ಗೆ. ಒಂದು ವಸ್ತು ಯಾವ ಬಗೆಯದು, ಅದು ಏನು ಮಾಡಬಲ್ಲದು ಎಂದು ಕೇಳಲು ಪೈಥಾನ್ ಹಲವು ದಾರಿ ಕೊಟ್ಟಿದೆ. ಆ ದಾರಿಗಳನ್ನು ಚೆನ್ನಾಗಿ ಅರಿತವರು ಕೂಡ ಕನ್ನಡದ ಮಾಹಿತಿಯನ್ನು ಅವುಗಳಿಗೆ ಒಡ್ಡಿ ನೋಡದಿದ್ದರೆ, ಅವರ ಪರೀಕ್ಷೆಗಳು ಕನ್ನಡಿಗರ ಹೆಸರನ್ನೇ ಬಾಗಿಲಲ್ಲಿ ತಡೆಯುತ್ತವೆ.

ಮೊದಲು ಟೈಪ್. ‘ಟೈಪ್’ ಎಂಬ ಕರೆಯ ಆವರಣದೊಳಗೆ ಏನನ್ನಿಟ್ಟರೂ ಅದು ಯಾವ ಬಗೆಯದೆಂದು ಪೈಥಾನ್ ಹೇಳುತ್ತದೆ. ವಿಜಯನಗರದ ಪಿನ್ ಕೋಡ್ 560040 ಅನ್ನು ಹಾಗೇ ಅಂಕಿಯಲ್ಲಿ ಕೊಟ್ಟರೆ ‘ಇಂಟ್’, ಪೂರ್ಣಾಂಕ. ಅದನ್ನೇ ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಸ್ಟ್ರಿಂಗ್. ಪಿನ್ ಕೋಡನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ, ಸರಾಸರಿ ತೆಗೆಯುವುದಿಲ್ಲ. ಆದ್ದರಿಂದ ಅದು ಸ್ಟ್ರಿಂಗ್ ಆಗಿಯೇ ಇರಬೇಕೆಂದು ನನ್ನ ಖಚಿತ ಅಭಿಪ್ರಾಯ. ಮೊಬೈಲ್ ನಂಬರಿಗೂ ಇದೇ ಮಾತು. ಬರಿಯ ಅಂಕಿಗಳಿಂದ ಆಗಿದೆ ಎಂಬ ಕಾರಣಕ್ಕೆ ಯಾವುದೂ ಸಂಖ್ಯೆಯಾಗುವುದಿಲ್ಲ.

ಪೈಥಾನ್‌ನಲ್ಲಿ ಟೈಪ್ ಅಂಟಿಕೊಂಡಿರುವುದು ಆಬ್ಜೆಕ್ಟ್‌ಗೆ, ನಾವಿಟ್ಟ ಹೆಸರಿಗಲ್ಲ. ನಾವೆಲ್ಲ ಸಾಮಾನ್ಯವಾಗಿ ಬಳಸುವ ಸಿಪೈಥಾನ್‌ನಲ್ಲಿ ಪ್ರತಿ ಆಬ್ಜೆಕ್ಟ್‌ನ ತಲೆಯಲ್ಲೇ ಎರಡು ಸಂಗತಿಗಳು ಇರುತ್ತವೆ: ತನ್ನನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ ಮತ್ತು ತನ್ನ ಟೈಪ್ ಎಲ್ಲಿದೆ ಎಂಬ ವಿಳಾಸ. ಹೀಗಾಗಿ ಟೈಪ್ ಕೇಳುವುದು ಬಹಳ ಅಗ್ಗದ ಕೆಲಸ. ಒಂದು ಹೆಸರು ಬೆಳಿಗ್ಗೆ ಸಂಖ್ಯೆಯನ್ನು ತೋರಿಸುತ್ತಿದ್ದು ಸಂಜೆ ಸ್ಟ್ರಿಂಗನ್ನು ತೋರಿಸಬಹುದು. ಪೈಥಾನ್ ಅದನ್ನು ತಡೆಯುವುದಿಲ್ಲ. ಓಡುವ ಹೊತ್ತಿನಲ್ಲಿ ಪರೀಕ್ಷೆ ಬೇಕಾಗುವುದು ಇದೇ ಕಾರಣಕ್ಕೆ.

ಈ ವ್ಯವಸ್ಥೆ ಮೊದಲಿನಿಂದಲೂ ಇಷ್ಟು ಚೊಕ್ಕವಾಗಿರಲಿಲ್ಲ. ಗಿಡೋ ವ್ಯಾನ್ ರಾಸಮ್ ಅವರು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯಲ್ಲಿದ್ದಾಗ 1989ರ ಕ್ರಿಸ್‌ಮಸ್ ರಜೆಯಲ್ಲಿ ಪೈಥಾನ್ ಕೆಲಸ ಶುರುಮಾಡಿದರು, 1991ರ ಫೆಬ್ರವರಿಯಲ್ಲಿ 0.9.0 ಆವೃತ್ತಿ ಹೊರಬಂತು. ಮುಂದೆ ಹತ್ತು ವರ್ಷ, ಭಾಷೆಯೊಳಗೇ ಹುಟ್ಟಿದ ಟೈಪ್‌ಗಳು ಒಂದು ಜಾತಿ, ನಾವು ಬರೆದ ಕ್ಲಾಸ್‌ಗಳು ಇನ್ನೊಂದು ಜಾತಿ ಎಂಬಂತಿತ್ತು. ನೀವು ‘ಓದುಗ’ ಎಂದು ಒಂದು ಕ್ಲಾಸ್, ‘ಪುಸ್ತಕ’ ಎಂದು ಇನ್ನೊಂದು ಕ್ಲಾಸ್ ಬರೆದು ಅವುಗಳಿಂದ ಮಾಡಿದ ಆಬ್ಜೆಕ್ಟ್‌ಗಳ ಟೈಪ್ ಕೇಳಿದರೆ ಎರಡಕ್ಕೂ ‘ಇನ್‌ಸ್ಟನ್ಸ್’ ಎಂಬ ಒಂದೇ ಉತ್ತರ. 2001ರ ಡಿಸೆಂಬರಿನ 2.2 ಆವೃತ್ತಿ ಈ ಎರಡು ಲೋಕಗಳನ್ನು ಒಂದು ಮಾಡಲು ಹೊರಟಿತು. 2008ರ ಡಿಸೆಂಬರಿನಲ್ಲಿ ಬಂದ 3.0 ಹಳೆಯ ಬಗೆಯ ಕ್ಲಾಸ್‌ಗಳನ್ನು ಪೂರ್ತಿ ತೆಗೆದುಹಾಕಿತು. ಅದರ ಮರುವರ್ಷವೇ, 2009ರಲ್ಲಿ, ಭಾರತದ ಮೊದಲ ಪೈಕಾನ್ ಸಮಾವೇಶ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು ಎಂಬುದನ್ನು ಈ ಊರಿನವರಾಗಿ ನೆನಪಿಟ್ಟುಕೊಳ್ಳೋಣ.

ಟೈಪ್ ಗೊತ್ತಾದ ಮೇಲೆ ಹೋಲಿಸಬೇಕಲ್ಲ. ಇಲ್ಲಿ ಎರಡು ಪದ್ಧತಿಗಳಿವೆ. ಟೈಪ್ ಕೇಳಿ ‘ಇದು ಇಂಟ್ ತಾನೇ’ ಎಂದು ನೇರವಾಗಿ ಹೋಲಿಸುವುದು ಒಂದು. ‘ಇಸ್‌ಇನ್‌ಸ್ಟನ್ಸ್’ ಎಂಬ ಕರೆಯಿಂದ ಕೇಳುವುದು ಇನ್ನೊಂದು. ಮೊದಲನೆಯದು ಅದೇ ಟೈಪ್ ಆಗಿದ್ದರೆ ಮಾತ್ರ ಒಪ್ಪುತ್ತದೆ. ಎರಡನೆಯದು ಆ ಟೈಪಿನ ಸಂತತಿಯನ್ನೂ ಒಪ್ಪುತ್ತದೆ. ಬಹುಪಾಲು ಸಂದರ್ಭದಲ್ಲಿ ಎರಡನೆಯದೇ ಸರಿ, ಏಕೆಂದರೆ ನಾಳೆ ಯಾರಾದರೂ ನಿಮ್ಮ ಕ್ಲಾಸನ್ನು ವಿಸ್ತರಿಸಿ ಬಳಸಿದರೆ ನಿಮ್ಮ ಕೋಡ್ ಅವರನ್ನು ಹೊರಗಿಡಬಾರದು. ಆದರೆ ಒಂದು ಕಡೆ ಎಚ್ಚರ ಬೇಕು. ‘ಟ್ರೂ’ ಮತ್ತು ‘ಫಾಲ್ಸ್’ ಎಂಬ ಬೂಲಿಯನ್ ಬೆಲೆಗಳು 2003ರ 2.3 ಆವೃತ್ತಿಯಲ್ಲಿ ಪೂರ್ಣಾಂಕದ ಸಂತತಿಯಾಗಿಯೇ ತಮ್ಮದೇ ಟೈಪ್ ಪಡೆದವು. ಟ್ರೂ ಎಂಬುದು ಇಂಟ್ ಹೌದೇ ಎಂದು ಇಸ್‌ಇನ್‌ಸ್ಟನ್ಸ್ ಕೇಳಿದರೆ ಹೌದು ಎನ್ನುತ್ತದೆ. ಟ್ರೂಗೆ ಟ್ರೂ ಕೂಡಿದರೆ ಎರಡು ಬರುತ್ತದೆ. ಮನೆಯಲ್ಲಿ ಎಷ್ಟು ಜನ ಎಂಬ ಪ್ರಶ್ನೆಗೆ ‘ಹೌದು’ ಎಂಬ ಟಿಕ್ ಗುರುತು ಬಂದು ಕುಳಿತರೂ ಈ ಪರೀಕ್ಷೆ ಅದನ್ನು ಒಬ್ಬರೆಂದು ಸದ್ದಿಲ್ಲದೆ ಎಣಿಸುತ್ತದೆ. ಅಂಥ ಕಡೆ ಬೂಲಿಯನ್ ಅನ್ನು ಮೊದಲೇ ಬೇರೆ ಮಾಡಬೇಕು.

ಹೆಸರಿನ ಮೇಲೆ ಬಗೆಯನ್ನು ತೀರ್ಮಾನಿಸುವುದೋ, ಅದು ನಿಜಕ್ಕೂ ಏನಾಗಿದೆ ಎಂಬುದರ ಮೇಲೋ – ಈ ಚರ್ಚೆ ವ್ಯಾಕರಣ ಓದಿದ ಕನ್ನಡಿಗರಿಗೆ ಹೊಸದೇನಲ್ಲ. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ ಭಾರ್ಯಾ ಸ್ತ್ರೀಲಿಂಗ, ದಾರ ಪುಲ್ಲಿಂಗ, ಕಲತ್ರ ನಪುಂಸಕಲಿಂಗ. ಅಲ್ಲಿ ಲಿಂಗ ಪದಕ್ಕೆ ಅಂಟಿದ್ದು. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ. ಪದ ಯಾವುದೇ ಇರಲಿ, ಬಂದವಳು ಹೆಂಗಸಾದರೆ ಕ್ರಿಯಾಪದ ‘ಬಂದಳು’ ಎಂದೇ ಮುಗಿಯುತ್ತದೆ. ಪೈಥಾನ್ ಮನೋಧರ್ಮ ಈ ಎರಡನೆಯದಕ್ಕೆ ಹತ್ತಿರ. ನಿನ್ನ ಟೈಪಿನ ಹೆಸರೇನು ಎನ್ನುವುದಕ್ಕಿಂತ ನೀನು ಈ ಕೆಲಸ ಮಾಡಬಲ್ಲೆಯಾ ಎಂದು ಕೇಳುವುದು ಅದರ ಸಹಜ ರೀತಿ. ಅಲೆಕ್ಸ್ ಮಾರ್ಟೆಲ್ಲಿ 2000ದ ಸುಮಾರಿಗೆ ಇದನ್ನು ಬಾತುಕೋಳಿಯ ಮಾತಿನಲ್ಲಿ ಹೇಳಿದರು: ಬಾತುಕೋಳಿಯಂತೆ ಕೂಗಿ ಬಾತುಕೋಳಿಯಂತೆ ನಡೆದರೆ ಸಾಕು, ಜಾತಿಪತ್ರ ಕೇಳಬೇಡಿ ಎಂಬುದು ಅದರ ಸಾರ. ಡಕ್ ಟೈಪಿಂಗ್ ಎಂಬ ಹೆಸರು ಹೀಗೆ ನಿಂತಿತು.

ಹಾಗಾದರೆ ಮೆಥಡ್ ಎಂದರೇನು? ಅದೂ ಒಂದು ಆಬ್ಜೆಕ್ಟ್, ಅದಕ್ಕೂ ಟೈಪ್ ಇದೆ. ಮತ್ತೆ ಓದುಗ ಎಂಬ ಕ್ಲಾಸ್ ತೆಗೆದುಕೊಳ್ಳಿ. ಅದರಲ್ಲಿ ‘ಪುಸ್ತಕ_ಪಡೆ’ ಎಂಬ ಫಂಕ್ಷನ್ ಬರೆದಿದ್ದೀರಿ. ಪೈಥಾನ್ 3ರಲ್ಲಿ ಹೀಗೆ ಕನ್ನಡದಲ್ಲೇ ಹೆಸರಿಡಬಹುದು, 3131ನೇ ಸಂಖ್ಯೆಯ ಪೆಪ್ ಪ್ರಸ್ತಾವ ಅದಕ್ಕೆ ಅನುವು ಮಾಡಿಕೊಟ್ಟಿತು. ಕ್ಲಾಸಿನ ಮೂಲಕ ಪುಸ್ತಕ_ಪಡೆ ಯಾವ ಟೈಪ್ ಎಂದು ಕೇಳಿದರೆ ‘ಫಂಕ್ಷನ್’ ಎಂಬ ಉತ್ತರ. ಒಬ್ಬ ನಿರ್ದಿಷ್ಟ ಓದುಗನ ಆಬ್ಜೆಕ್ಟ್ ಮೂಲಕ ಕೇಳಿದರೆ ‘ಮೆಥಡ್’ ಎಂಬ ಉತ್ತರ. ಬರೆದ ಕೋಡ್ ಒಂದೇ, ಆದರೆ ಚುಕ್ಕಿಯ ಎಡಗಡೆ ಯಾರಿದ್ದಾರೆ ಎಂಬುದರ ಮೇಲೆ ಸಿಗುವ ಆಬ್ಜೆಕ್ಟ್ ಬೇರೆ. ಮೆಥಡ್ ತನ್ನೊಳಗೆ ಎರಡನ್ನು ಹಿಡಿದಿರುತ್ತದೆ, ಮೂಲ ಫಂಕ್ಷನ್ ಮತ್ತು ಯಾರ ಪರವಾಗಿ ನಡೆಯಬೇಕೋ ಆ ಓದುಗ. ಪೈಥಾನ್ 2ರಲ್ಲಿ ಕ್ಲಾಸಿನ ಮೂಲಕ ಕೇಳಿದಾಗಲೂ ಯಾರಿಗೂ ಕಟ್ಟದ ಮೆಥಡ್ ಒಂದು ಸಿಗುತ್ತಿತ್ತು. 3ರಲ್ಲಿ ಅದನ್ನು ತೆಗೆದು ಬರಿಯ ಫಂಕ್ಷನ್ ಉಳಿಸಿದರು.

ಇಲ್ಲಿ ಅನುಭವಿಗಳೂ ಎಡವುವ ಜಾಗವಿದೆ. ‘ಇನ್‌ಸ್ಪೆಕ್ಟ್’ ಎಂಬ ಮಾಡ್ಯೂಲಿನಲ್ಲಿ ‘ಇಸ್‌ಮೆಥಡ್’ ಎಂಬ ಪರೀಕ್ಷೆ ಇದೆ. ಓದುಗನ ಪುಸ್ತಕ_ಪಡೆಯನ್ನು ಅದಕ್ಕೆ ಕೊಟ್ಟರೆ ಹೌದು. ಆದರೆ ಸ್ಟ್ರಿಂಗ್‌ನ ಇಸ್‌ಆಲ್ಫಾ ಕೊಟ್ಟರೆ ಅಲ್ಲ, ಏಕೆಂದರೆ ಅದು ಪೈಥಾನ್‌ನಲ್ಲಿ ಬರೆದದ್ದಲ್ಲ, ಸಿ ಭಾಷೆಯಲ್ಲಿ ಬರೆದು ಒಳಗೇ ಕೂಡಿಸಿದ್ದು, ಅದರ ಟೈಪ್ ಬೇರೆ. ನಮಗೆ ಬೇಕಾದದ್ದು ‘ಇದನ್ನು ಕರೆಯಬಹುದೇ’ ಎಂಬ ಉತ್ತರ ಮಾತ್ರವಾದರೆ ‘ಕಾಲಬಲ್’ ಎಂಬ ಕರೆ ಸಾಕು. ಫಂಕ್ಷನ್, ಮೆಥಡ್, ಒಳಗೂಡಿದ ಮೆಥಡ್, ಕ್ಲಾಸ್ ಎಲ್ಲಕ್ಕೂ ಅದು ಹೌದೆನ್ನುತ್ತದೆ. ಈ ಕಾಲಬಲ್ ಅನ್ನು 3.0ರಲ್ಲಿ ಅನಗತ್ಯವೆಂದು ಕೈಬಿಟ್ಟಿದ್ದರು, ಜನರಿಗೆ ಬೇಕೆಂದು ಕಂಡು 2011ರ 3.2ರಲ್ಲಿ ಮರಳಿ ತಂದರು. ಭಾಷೆ ಕಟ್ಟುವವರು ಬಳಸುವವರ ಮಾತು ಕೇಳಿದ ಈ ಪ್ರಸಂಗವನ್ನು ನಾನು ಬಹಳ ಮೆಚ್ಚುತ್ತೇನೆ.

ಮೆಥಡ್ ಒಂದು ಆಬ್ಜೆಕ್ಟ್ ಎಂಬುದು ಪುಸ್ತಕದ ಮಾತಾಗಿ ಕಂಡರೆ ಈ ತಪ್ಪನ್ನು ನೋಡಿ. ಹೆಸರಿನ ಇಸ್‌ಆಲ್ಫಾ ನಿಜವಾದರೆ ಮುಂದುವರಿ ಎಂದು ಬರೆಯುವಾಗ ಕೊನೆಯ ಆವರಣ ಚಿಹ್ನೆಗಳನ್ನು ಬಿಟ್ಟರೆ ಮೆಥಡನ್ನು ಕರೆದಂತಾಗುವುದಿಲ್ಲ, ಬರಿದೇ ಎತ್ತಿ ಹಿಡಿದಂತಾಗುತ್ತದೆ. ಪೈಥಾನ್‌ನಲ್ಲಿ ಇಂಥ ಆಬ್ಜೆಕ್ಟ್ ಯಾವಾಗಲೂ ‘ನಿಜ’ದ ಲೆಕ್ಕಕ್ಕೆ ಸೇರುತ್ತದೆ. ಪರಿಣಾಮವಾಗಿ ಪರೀಕ್ಷೆ ಎಲ್ಲರನ್ನೂ ಒಳಗೆ ಬಿಡುತ್ತದೆ, ದೋಷದ ಸಂದೇಶ ಬರುವುದಿಲ್ಲ. ಯಾವುದನ್ನಾದರೂ ತಡೆಯಲೆಂದೇ ಬರೆದ ಪರೀಕ್ಷೆಗೆ ಅದು ತಡೆಯಬೇಕಾದ ಒಂದು ಉದಾಹರಣೆಯನ್ನು ಕೊಟ್ಟು ನೋಡದೆ ಬಿಡಬೇಡಿ ಎಂದು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೆ.

ಡಕ್ ಟೈಪಿಂಗ್ ಮೇಲೆ ಪೂರ್ತಿ ಭಾರ ಹಾಕಿದರೆ ಆಗುವ ಅನಾಹುತವನ್ನು ಕನ್ನಡ ಬೇರೆಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಹೆಸರುಗಳ ಪಟ್ಟಿಯನ್ನು ತೆಗೆದುಕೊಂಡು ಒಂದೊಂದನ್ನೂ ಮುದ್ರಿಸುವ ಫಂಕ್ಷನ್ ಇದೆ ಎನ್ನಿ. ಯಾರೋ ಪಟ್ಟಿಯ ಬದಲು ‘ವಿಜಯನಗರ’ ಎಂಬ ಒಂದೇ ಸ್ಟ್ರಿಂಗ್ ಕೊಟ್ಟರು. ಸ್ಟ್ರಿಂಗನ್ನೂ ಒಂದೊಂದಾಗಿ ದಾಟಬಹುದು, ಬಾತುಕೋಳಿಯ ಪರೀಕ್ಷೆಯಲ್ಲಿ ಅದು ಪಾಸು. ಆಗ ಪರದೆಯ ಮೇಲೆ ಏಳು ಸಾಲು ಬರುತ್ತವೆ: ವ, ಆಮೇಲೆ ಚುಕ್ಕಿಗಳ ವೃತ್ತಕ್ಕೆ ತಗುಲಿಕೊಂಡ ಬರಿಯ ಗುಡಿಸು, ಆಮೇಲೆ ಜ, ಯ, ನ, ಗ, ರ. ಇಂಗ್ಲಿಷಿನಲ್ಲಾದರೆ ಒಂಟಿ ಅಕ್ಷರಗಳು ಬಂದಾವು, ಹೇಗೋ ಓದಬಹುದು. ಇಲ್ಲಿ ಗುಡಿಸು ತನ್ನ ವ್ಯಂಜನದಿಂದ ಕಿತ್ತುಬಂದು ನಿಂತಿರುತ್ತದೆ. ಅಂಗಡಿಯ ರಸೀದಿ, ಬ್ಯಾಂಕಿನ ಸಂದೇಶಗಳಲ್ಲಿ ಕನ್ನಡ ಹೀಗೆ ಚೂರಾಗಿರುವುದನ್ನು ನೀವೂ ಕಂಡಿರಬಹುದು. ಅವೆಲ್ಲಕ್ಕೂ ಕಾರಣ ಇದೊಂದೇ ಅಲ್ಲ, ಆದರೆ ಇದೂ ಒಂದು. ಇಂಥ ಕಡೆ ‘ಸ್ಟ್ರಿಂಗ್ ಬಂದರೆ ಒಪ್ಪಬೇಡ’ ಎಂದು ಇಸ್‌ಇನ್‌ಸ್ಟನ್ಸ್ ಹಾಕುವುದು ಪೈಥಾನ್ ಮನೋಧರ್ಮಕ್ಕೆ ವಿರುದ್ಧವೆಂದು ಕೆಲವರು ಹಟ ಹಿಡಿಯುತ್ತಾರೆ. ನಾನು ಒಪ್ಪುವುದಿಲ್ಲ. ಪಟ್ಟಿಯೂ ಸ್ಟ್ರಿಂಗೂ ಒಂದೇ ಮೆಥಡ್ ಹೊತ್ತು ಬೇರೆ ಬೇರೆ ಅರ್ಥ ಕೊಡುವಾಗ ಹೆಸರು ಕೇಳುವುದೇ ಸರಿ.

ಮೆಥಡ್ ಇದೆಯೇ ಎಂದು ಕೇಳಲು ‘ಹ್ಯಾಸ್‌ಆಟ್ರ್’ ಎಂಬ ಕರೆ ಇದೆ. ಅದು ಇಣುಕಿ ನೋಡಿ ಸುಮ್ಮನಾಗುವುದಿಲ್ಲ, ಕೇಳಿದ್ದನ್ನು ನಿಜವಾಗಿಯೂ ತೆಗೆಯಲು ಹೋಗುತ್ತದೆ. ಅಲ್ಲಿ ಲೆಕ್ಕ ಹಾಕಿ ಕೊಡುವ ಪ್ರಾಪರ್ಟಿ ಇದ್ದರೆ ಆ ಲೆಕ್ಕವೂ ನಡೆದುಬಿಡುತ್ತದೆ. ಇನ್ನು ಪರೀಕ್ಷೆಗೆಂದೇ ಬಳಸುವ ‘ಮಾಕ್’ ಆಬ್ಜೆಕ್ಟ್‌ಗಳು ಬಹುತೇಕ ಯಾವ ಹೆಸರು ಕೇಳಿದರೂ ಇದೆ ಎನ್ನುತ್ತವೆ, ಮೆಥಡಿನ ಹೆಸರನ್ನು ತಪ್ಪು ಕಾಗುಣಿತದಲ್ಲಿ ಬರೆದರೂ. ನಿಜವಾದ ಕ್ಲಾಸನ್ನು ಮಾದರಿಯಾಗಿ ಕೊಟ್ಟು ಮಾಕ್ ಮಾಡಿದರೆ ಮಾತ್ರ ಅದು ಇಲ್ಲದ್ದನ್ನು ಇಲ್ಲ ಎನ್ನುತ್ತದೆ.

ಹೆಸರು ಮತ್ತು ಕೆಲಸ, ಈ ಎರಡರ ನಡುವೆ ಸೇತುವೆ ಕಟ್ಟುವ ಪ್ರಯತ್ನಗಳೂ ನಡೆದಿವೆ. 2008ರಲ್ಲಿ ಬಂದ ಅಮೂರ್ತ ಕ್ಲಾಸ್‌ಗಳು ‘ದಾಟಬಹುದಾದದ್ದು’, ‘ಎಣಿಸಬಹುದಾದದ್ದು’ ಎಂಬಂಥ ಸಾಮರ್ಥ್ಯಗಳಿಗೇ ಹೆಸರಿಟ್ಟು, ಇಸ್‌ಇನ್‌ಸ್ಟನ್ಸ್ ಮೂಲಕವೇ ಕೆಲಸವನ್ನು ಕೇಳುವಂತೆ ಮಾಡಿದವು. 2015ರ 3.5ರಲ್ಲಿ ಟೈಪ್ ಹಿಂಟ್‌ಗಳು ಬಂದವು. ಈ ಫಂಕ್ಷನ್‌ಗೆ ಪಿನ್ ಕೋಡ್ ಸ್ಟ್ರಿಂಗ್ ಆಗಿ ಬರಬೇಕು ಎಂದು ಬರೆದಿಡಬಹುದು. ಯೂಕ್ಕಾ ಲೆಹ್ಟೋಸಾಲೋ ಆರಂಭಿಸಿದ ‘ಮೈಪೈ’ಯಂಥ ಸಾಧನ ಕೋಡ್ ಓಡುವ ಮುಂಚೆಯೇ ಅದನ್ನು ಓದಿ ತಪ್ಪು ಹೇಳುತ್ತದೆ. ಓಡುವಾಗ ಮಾತ್ರ ಪೈಥಾನ್ ಈ ಹಿಂಟ್‌ಗಳನ್ನು ಜಾರಿ ಮಾಡುವುದಿಲ್ಲ. ಸ್ಟ್ರಿಂಗ್ ಎಂದು ಬರೆದ ಕಡೆ ಸಂಖ್ಯೆ ಕೊಟ್ಟರೂ ಸುಮ್ಮನೆ ತೆಗೆದುಕೊಳ್ಳುತ್ತದೆ. 2019ರ 3.8ರಲ್ಲಿ ‘ಪ್ರೋಟೋಕಾಲ್’ ಬಂದು ಡಕ್ ಟೈಪಿಂಗನ್ನೇ ಬರಹಕ್ಕಿಳಿಸಿತು: ಇಂಥಿಂಥ ಮೆಥಡ್ ಇರುವ ಯಾವುದೇ ಆಬ್ಜೆಕ್ಟ್ ಆಗಬಹುದು, ಯಾರ ಸಂತತಿಯಾದರೂ ಸರಿ. ಅದನ್ನು ಓಡುವಾಗಲೂ ಪರೀಕ್ಷಿಸಬಹುದು, ಆದರೆ ಆಗ ನೋಡುವುದು ಮೆಥಡ್ ಇದೆಯೋ ಇಲ್ಲವೋ ಎಂಬುದನ್ನಷ್ಟೇ. ಅದು ಏನನ್ನು ತೆಗೆದುಕೊಳ್ಳುತ್ತದೆ, ಏನನ್ನು ಕೊಡುತ್ತದೆ ಎಂಬುದನ್ನು ನೋಡುವುದಿಲ್ಲ.

ಈಗ ವಿಜಯನಗರಕ್ಕೆ ಬರೋಣ. ಕಂಪ್ಯೂಟರಿನಲ್ಲಿ ಅದು ಏಳು ಯುನಿಕೋಡ್ ಸಂಕೇತಗಳ ಸಾಲು, ಯುಟಿಎಫ್-8ರಲ್ಲಿ ಬರೆದರೆ ಇಪ್ಪತ್ತೊಂದು ಬೈಟ್. ಯುನಿಕೋಡ್ ಭಾರತೀಯ ಲಿಪಿಗಳನ್ನು ಜೋಡಿಸಿದ್ದು ನಮ್ಮದೇ ಇಸ್ಕಿ ಮಾನಕದ 1988ರ ರೂಪವನ್ನು ಅನುಸರಿಸಿ. ಅಲ್ಲಿ ವ್ಯಂಜನ ಒಂದು ಸಂಕೇತ, ಅದರ ಮೇಲೆ ಕೂರುವ ಗುಣಿತದ ಚಿಹ್ನೆ ಇನ್ನೊಂದು. ಪ್ರತಿ ಸಂಕೇತಕ್ಕೂ ಯುನಿಕೋಡ್ ಒಂದು ವರ್ಗ ಕೊಟ್ಟಿದೆ. ವ, ಜ, ಯ ಇವು ‘ಲೆಟರ್’ ವರ್ಗ. ಗುಡಿಸು, ಇಳಿ, ಕೊಂಬು, ಏತ್ವ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಸೊನ್ನೆ – ಇವೆಲ್ಲ ‘ಮಾರ್ಕ್’ ವರ್ಗ. ಇಸ್‌ಆಲ್ಫಾ ಲೆಟರ್ ವರ್ಗವನ್ನು ಮಾತ್ರ ಒಪ್ಪುತ್ತದೆ. ಯುನಿಕೋಡ್‌ನಲ್ಲಿಯೇ ‘ಆಲ್ಫಬೆಟಿಕ್’ ಎಂಬ ಇನ್ನೊಂದು, ಹೆಚ್ಚು ಉದಾರವಾದ ಗುಣವಿದೆ, ಗುಣಿತದ ಚಿಹ್ನೆಗಳು ಅದರಲ್ಲಿ ಸೇರುತ್ತವೆ. ತಾನು ಬಳಸುವುದು ಅದಲ್ಲ ಎಂದು ಪೈಥಾನ್ ಕೈಪಿಡಿ ಹೇಳಿಯೂ ಇದೆ. ಹೀಗಾಗಿ ತಲೆಕಟ್ಟು ಮಾತ್ರ ಇರುವ, ಅಂದರೆ ಬರಿಯ ಅಕಾರಾಂತ ವ್ಯಂಜನಗಳ ಅಥವಾ ಬಿಡಿ ಸ್ವರಾಕ್ಷರಗಳ ಹೆಸರು ಹೊತ್ತವರು ಪಾಸು. ಉಳಿದ ಕನ್ನಡಿಗರೆಲ್ಲ ಫೇಲು.

ಇದೇ ನಿಯಮ ‘ರೀ’ ಮಾಡ್ಯೂಲಿಗೂ ಹರಿದಿದೆ. ಪದಗಳನ್ನು ಆರಿಸಲು ಎಲ್ಲರೂ ಬಳಸುವ, ಪದದ ಅಕ್ಷರ ಎಂದು ಸೂಚಿಸುವ ಚಿಹ್ನೆ ಅಲ್ಲಿ ಒಂದಿದೆ. ಅದೂ ಇದೇ ವ್ಯಾಖ್ಯೆಯನ್ನು ನೆಚ್ಚಿಕೊಂಡಿದೆ. ವಿಜಯನಗರದಲ್ಲಿರುವ ಪದಗಳನ್ನು ಹುಡುಕು ಎಂದರೆ ಅದು ಎರಡು ಪದ ತರುತ್ತದೆ: ‘ವ’ ಮತ್ತು ‘ಜಯನಗರ’. ಕನ್ನಡ ಎಂಬ ಪದವನ್ನೇ ಕೊಟ್ಟರೆ ‘ಕನ’ ಮತ್ತು ‘ನಡ’ ಎಂದು ಒಡೆಯುತ್ತದೆ. ಒಂದು ಕಾದಂಬರಿಯಲ್ಲಿ ಎಷ್ಟು ಬಗೆಯ ಪದಗಳಿವೆ ಎಂದು ಎಣಿಸಲು ಹೊರಟ ಕನ್ನಡ ಎಂ.ಎ. ವಿದ್ಯಾರ್ಥಿನಿ ಈ ಎಣಿಕೆಯನ್ನು ನಂಬಿ ಪ್ರಬಂಧ ಬರೆದರೆ ಏನಾದೀತು! ಅವಳ ಕೋಡ್‌ನಲ್ಲಿ ಯಾವ ಸಾಲೂ ತಪ್ಪಿಲ್ಲ. ಟೈಪ್ ಸ್ಟ್ರಿಂಗ್, ಸಿಕ್ಕ ಪಟ್ಟಿಯ ಟೈಪ್ ಲಿಸ್ಟ್, ಮೈಪೈಗೂ ತಕರಾರಿಲ್ಲ. ಪೈಥಾನ್ ಜೊತೆಗೆ ಬರದ, ಬೇರೆಯಾಗಿ ಹಾಕಿಕೊಳ್ಳಬೇಕಾದ ‘ರೆಜೆಕ್ಸ್’ ಎಂಬ ಪ್ಯಾಕೇಜು ಪದದ ಅಕ್ಷರವನ್ನು ಯುನಿಕೋಡ್ ಹೇಳಿದ ವಿಶಾಲ ಅರ್ಥದಲ್ಲಿ ನೋಡುತ್ತದೆ. ಕನ್ನಡದ ಕೆಲಸ ಮಾಡುವವರು ಮೊದಲ ದಿನವೇ ಅದನ್ನು ಹಾಕಿಕೊಳ್ಳಬೇಕು.

ಮೆಥಡ್ ಇದ್ದು ಅರ್ಥವಿಲ್ಲದ ಸಂದರ್ಭಗಳೂ ಇವೆ. ಕನ್ನಡ ಸ್ಟ್ರಿಂಗ್‌ಗೂ ದೊಡ್ಡಕ್ಷರ ಮಾಡುವ ‘ಅಪ್ಪರ್’ ಇದೆ, ಕರೆದರೆ ಏನೂ ಬದಲಾಗುವುದಿಲ್ಲ. ಅಕಾರಾದಿ ಜೋಡಿಸು ಎಂದರೆ ಪೈಥಾನ್ ಸಂಕೇತಗಳ ಕ್ರಮದಲ್ಲಿ ಜೋಡಿಸುತ್ತದೆ. ಆ ಕ್ರಮದಲ್ಲಿ ಳ ಬರುವುದು ಲ ಆದ ಕೂಡಲೇ, ವಕಾರಕ್ಕಿಂತ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ ಕೊನೆಗೆ. ನಿಘಂಟು ಮಾಡುವವರಿಗೆ ಇದು ಸಣ್ಣ ಸಂಗತಿಯಲ್ಲ.

ನಾವು ಕುಳಿತಿರುವ ಈ ಬಡಾವಣೆಯ ಹೆಸರಿನಲ್ಲೇ ಇನ್ನೊಂದು ಸೂಕ್ಷ್ಮವಿದೆ. ‘ಆರ್‌ಪಿಸಿ’ ಎಂದು ಬಿಡಿಯಾಗಿ ಕಾಣುವಂತೆ ಬರೆಯಬೇಕಾದರೆ ರ್ ಮತ್ತು ಪಿ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು, ಜೀರೋ ವಿಡ್ತ್ ನಾನ್‌ಜಾಯ್ನರ್ ಎಂದು ಅದರ ಹೆಸರು. ಹಾಕದಿದ್ದರೆ ಅರ್ಕಾವೊತ್ತು ಬಂದು ‘ಆರ್ಪಿಸಿ’ ಆಗುತ್ತದೆ. ಹಾಕಿದರೆ ಎಂಟು ಸಂಕೇತ, ಹಾಕದಿದ್ದರೆ ಏಳು. ಎರಡೂ ಸ್ಟ್ರಿಂಗೇ, ಆದರೆ ಸಮವೇ ಎಂದು ಕೇಳಿದರೆ ಅಲ್ಲ. ಹೀಗೆ ಬರೆದ ವಿಳಾಸವನ್ನು ಹಾಗೆ ಹುಡುಕಿದರೆ ಸಿಗುವುದಿಲ್ಲ. ‘ಇಸ್‌ಪ್ರಿಂಟಬಲ್’ ಎಂಬ ಮೆಥಡ್ ಸರಿಯಾಗಿ ಬರೆದ ಆರ್‌ಪಿಸಿಯನ್ನು ಮುದ್ರಿಸಲಾಗದ್ದು ಎನ್ನುತ್ತದೆ, ಒಳಗಿರುವ ಆ ಕಾಣದ ಸಂಕೇತದ ದೆಸೆಯಿಂದ. ಕೋಡ್‌ನಲ್ಲಿ ಹೆಸರಾಗಿ ಬಳಸಬಹುದೇ ಎಂದು ‘ಇಸ್‌ಐಡೆಂಟಿಫೈಯರ್’ ಕೇಳಿದರೆ ಅದೂ ಒಪ್ಪುವುದಿಲ್ಲ, ವಿಜಯನಗರವನ್ನು ಮಾತ್ರ ಸಂತೋಷವಾಗಿ ಒಪ್ಪುತ್ತದೆ. ಆಚೀಚಿನ ಖಾಲಿ ಜಾಗ ತೆಗೆಯುವ ‘ಸ್ಟ್ರಿಪ್’ ಇದನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಇದು ಖಾಲಿ 
ಜಾಗದ ಲೆಕ್ಕಕ್ಕೂ ಬರುವುದಿಲ್ಲ.

ಅಂಕಿಗಳ ಕಡೆ ಪೈಥಾನ್ ಬಹಳ ಉದಾರಿ. ೫೬೦೦೪೦ ಎಂದು ಕನ್ನಡ ಅಂಕಿಯಲ್ಲಿ ಬರೆದ ಸ್ಟ್ರಿಂಗನ್ನು ಇಂಟ್‌ಗೆ ಕೊಟ್ಟರೆ 560040 ಎಂದೇ ಓದುತ್ತದೆ. ‘ಇಸ್‌ಡಿಜಿಟ್’ ಕೂಡ ಹೌದೆನ್ನುತ್ತದೆ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಅಂಕಿ ಬೆರೆಸಿದರೂ ಒಪ್ಪುತ್ತದೆ. ಆದರೆ ಸ್ಟ್ರಿಂಗ್ ಆಗಿ ಹೋಲಿಸಿದರೆ ಎರಡೂ ಬೇರೆ. ಪಿನ್ ಕೋಡನ್ನು ಸ್ಟ್ರಿಂಗ್ ಆಗಿ ಇಡಿ ಎಂದು ಆಗಲೇ ಹೇಳಿದೆನಲ್ಲ, ಅದಕ್ಕೆ ಇದನ್ನೂ ಸೇರಿಸಿಕೊಳ್ಳಿ: ಒಳಗೆ ಇಡುವ ಮುಂಚೆ ಅಂಕಿಗಳನ್ನು ಒಂದೇ ಲಿಪಿಗೆ ತನ್ನಿ. ಕಾಗುಣಿತಕ್ಕೂ ಇಂಥದೇ ಒಂದು ಕೆಲಸವಿದೆ. ‘ಕೋ’ ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ದೀರ್ಘ ಕೊಂಬು, ದೀರ್ಘ ಎಂಬ ಮೂರು ತುಣುಕುಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಪೈಥಾನ್‌ಗೆ ಎರಡು. ‘ಯುನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಇವನ್ನು ಒಂದು ಮಾಡುತ್ತದೆ.

ಹಾಗಾದರೆ ಹೆಸರಿನ ಖಾನೆಯಲ್ಲಿ ಏನನ್ನು ಪರೀಕ್ಷಿಸಬೇಕು ಎಂದು ಎಂಜಿನಿಯರ್ ಮಿತ್ರರು ಕೇಳಬಹುದು. ಬಂದದ್ದು ಸ್ಟ್ರಿಂಗೇ ಎಂದು ನೋಡಿ, ಬೈಟ್ಸ್ ಆಗಿದ್ದರೆ ಯಾವ ಸಂಕೇತಕ್ರಮದ್ದೆಂದು ತಿಳಿದು ಡೀಕೋಡ್ ಮಾಡಿ. ನಾರ್ಮಲೈಸ್ ಮಾಡಿ. ಖಾಲಿಯಾಗಿದ್ದರೆ ಬೇಡವೆನ್ನಿ. ಅಕ್ಷರಗಳೇ ಬೇಕೆಂಬ ನಿಯಮ ಕೆಲಸಕ್ಕೆ ನಿಜವಾಗಿಯೂ ಅಗತ್ಯವಿದ್ದರೆ, ಪ್ರತಿ ಸಂಕೇತದ ವರ್ಗ ಕೇಳಿ ಲೆಟರ್ ಮತ್ತು ಮಾರ್ಕ್ ಎರಡನ್ನೂ ಒಪ್ಪಿ, ನಾನ್‌ಜಾಯ್ನರಿಗೂ ಪದಗಳ ನಡುವಿನ ಖಾಲಿ ಜಾಗಕ್ಕೂ ಇನಿಷಿಯಲ್ ಆದ ಮೇಲಿನ ಚುಕ್ಕಿಗೂ ಜಾಗ ಕೊಡಿ. ನನ್ನನ್ನು ಕೇಳಿದರೆ ಆ ನಿಯಮವೇ ಬೇಡ. ಒಬ್ಬರ ಹೆಸರು ಹೆಸರಾಗಿದೆಯೇ ಎಂದು ತೀರ್ಮಾನಿಸುವ ಹಕ್ಕು ಆ ಹೆಸರಿನವರಿಗಿದೆ, ಅರ್ಜಿಯ ಹಿಂದಿರುವ ಕೋಡ್‌ಗೆ ಇಲ್ಲ. ಈ ಸುತ್ತಮುತ್ತ, ವಿಜಯನಗರ, ಚಂದ್ರಾ ಲೇಔಟ್, ಅತ್ತಿಗುಪ್ಪೆಯ ತರಬೇತಿ ಕೇಂದ್ರಗಳಿಗೆ ನಾಡಿನ ಮೂಲೆಮೂಲೆಯಿಂದ ಬಂದು ಪಿ.ಜಿ.ಗಳಲ್ಲಿದ್ದು ಓದುವ ಮಕ್ಕಳು ವರ್ಷವಿಡೀ ಆನ್‌ಲೈನ್ ಅರ್ಜಿ ತುಂಬುತ್ತಾರೆ. ಅವರ ಹೆಸರನ್ನು ಅವರು ಬರೆದಂತೆಯೇ ತೆಗೆದುಕೊಳ್ಳುವುದು ನಮ್ಮ ವೃತ್ತಿಯವರ ಕರ್ತವ್ಯ.

ಕೊನೆಯದಾಗಿ, ಟೈಪ್ ಪರೀಕ್ಷೆ ಕೈಲಾಗದು ಎನ್ನುವ ಒಂದು ಸಂಗತಿ. ಯುನಿಕೋಡ್ ಬಳಕೆಗೆ ಬರುವ ಮುಂಚೆ, ಬಂದ ಮೇಲೂ ಬಹಳ ಕಾಲ, ನಮ್ಮ ಕಚೇರಿಗಳು, ಡಿಟಿಪಿ ಕೇಂದ್ರಗಳು, ಪ್ರಕಾಶಕರು ಕನ್ನಡವನ್ನು ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಟೈಪಿಸಿದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಫಾಂಟುಗಳು ರೋಮನ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಕಡತವನ್ನು ಪೈಥಾನ್‌ನಲ್ಲಿ ತೆರೆದರೆ ಸಿಗುವುದು ಸ್ಟ್ರಿಂಗೇ, ಇಸ್‌ಇನ್‌ಸ್ಟನ್ಸ್ ಹೌದೆನ್ನುತ್ತದೆ, ಎಲ್ಲ ಮೆಥಡ್‌ಗಳೂ ಇವೆ. ಆದರೆ ಕನ್ನಡ ಎಂಬ ಪದದ ನಡುವೆ, ನ ಇರಬೇಕಾದ ಕಡೆ, ಬ್ರಿಟನ್ನಿನ ಪೌಂಡ್ ಚಿಹ್ನೆ ಕುಳಿತಿರುತ್ತದೆ. ನುಡಿ ಫಾಂಟು ತೊಡಿಸಿದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ.

ಇಲ್ಲಿ ಕೇಳಬೇಕಾದ್ದು ಸಂಕೇತಗಳು ಯಾವ ವಲಯದಲ್ಲಿವೆ ಎಂದು. ಯುನಿಕೋಡ್ ಕನ್ನಡಕ್ಕೆ ಕೊಟ್ಟ 128 ಮನೆಗಳಲ್ಲಿ ಒಂದೂ ಬಳಕೆಯಾಗಿಲ್ಲ, ಆದರೂ ಕಡತ ಕನ್ನಡದ್ದೆಂದು ಅದನ್ನು ಕೊಟ್ಟವರು ಹೇಳುತ್ತಾರೆ ಎಂದರೆ ಅದು ಹಳೆಯ ಫಾಂಟಿನದೇ ಇರಬೇಕು. ಆಗ ನಕ್ಷೆ ಹಿಡಿದು ಒಂದೊಂದು ಆಕಾರವನ್ನೂ ಬದಲಿಸಬೇಕು. ಅದರಲ್ಲಿ ಅರ್ಕಾವೊತ್ತು ಬಹಳ ಕಷ್ಟ ಕೊಡುತ್ತದೆ. ನುಡಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರಣೆಯಂತೆ ಅಕ್ಷರಕ್ಕಿಂತ ಮೊದಲು ಬರಬೇಕು. ಕರ್ನಾಟಕ ಎಂಬ ಪದವನ್ನು ಪರಿವರ್ತಿಸುವಾಗ ನಾ ಎಂಬುದರ ನಂತರ ಇರುವ ರಕಾರವನ್ನು ಎತ್ತಿ ಅದಕ್ಕಿಂತ ಮೊದಲು ತಂದಿಡಬೇಕು. ಒತ್ತಕ್ಷರವೂ ಗುಣಿತವೂ ಕೂಡಿದ್ದರೆ ಎಷ್ಟು ಹಿಂದಕ್ಕೆ ಹೋಗಬೇಕೆಂದು ಲೆಕ್ಕ ಹಾಕಬೇಕು. ಇದನ್ನು ಬರೆದ ಪರಿವರ್ತಕಗಳು ಇವೆ, ಅವುಗಳಿಂದ ಬಹಳ ಉಪಕಾರವಾಗಿದೆ. ಆದರೂ ಪರಿವರ್ತನೆಯಾದ ಪ್ರತಿ ಪುಸ್ತಕದ ಕೆಲವು ಪುಟಗಳನ್ನು, ವಿಶೇಷವಾಗಿ ಅರ್ಕಾವೊತ್ತು ಬರುವ ಸಾಲುಗಳನ್ನು, ಕನ್ನಡ ಓದಬಲ್ಲವರೊಬ್ಬರು ಮೂಲದ ಜೊತೆ ಇಟ್ಟು ಓದಬೇಕು. ಈ ಬಡಾವಣೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರುಗಳು, ಮೇಡಂಗಳು ಇದ್ದೀರಿ. ಕೋಡ್ ಬರೆಯುವ ಹುಡುಗರೂ ಇದ್ದಾರೆ. ಹಳೆಯ ನುಡಿ ಕಡತಗಳು ನಿಮ್ಮ ಸಂಘಗಳ ಬೀರುಗಳಲ್ಲಿ, ಸಿ.ಡಿ.ಗಳಲ್ಲಿ ಇವೆ. ಸಿ.ಡಿ.ಗಳು ಓದಲಾಗದಂತೆ ಕೆಡುವ ಮುಂಚೆ ಅವನ್ನು ಹೊರಗೆ ತೆಗೆಯಿರಿ.